ಬಳಚಿನ ನಿಯಮಕ್ಕೆ ಸಹಿ ಹಾಕಬೇಕಾದವರು ಯಾರು?

ಅಣ್ಣ, ಹೊಳೆಯ ಬಳಚು (ಮರಳಲ್ಲಿ ಹೂತಿರುವ, ತಿನ್ನುವ ಚಿಪ್ಪುಜೀವಿ) ಉಳಿಸಲು ನೀವು ಹಾಕಿದ ಕರಡು ನಿಯಮ ನೋಡಿದೆ. ಭಾನುವಾರ ಬೆಳಿಗ್ಗೆ ಸಭೆ, ದೋಣಿ ಮಾಲೀಕರ ಮತ್ತು ವ್ಯಾಪಾರಿಗಳ ಸಹಿ, ಜೂನ್-ಜುಲೈ ಬಂದ್, ತಪ್ಪಿದವರಿಗೆ ದಂಡ. ಉತ್ತರ ಕನ್ನಡದ ನಮ್ಮ ಅಘನಾಶಿನಿ ಹೊಳೆಯ ದಡದಲ್ಲೂ ಹೀಗೇ ಶುರುವಾಗಿತ್ತು. ಒಂದು ಹಂಗಾಮೂ ನಿಲ್ಲಲಿಲ್ಲ. ಇದನ್ನು ಈಗಲೇ ಗೋಡೆಗೆ ಅಂಟಿಸಬೇಡಿ.

ಬಳಚು ತೆಗೆಯುವವರಲ್ಲಿ ಹೆಂಗಸರೇ ಜಾಸ್ತಿ ಅಲ್ವಾ? ನಿಮ್ಮ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಹೊಳೆಯೊಳಗಿನ ಯಾವ ಮರಳು ದಿಬ್ಬದಲ್ಲಿ ಬಳಚಿನ ಮರಿ ಕೂತಿದೆ, ಎಲ್ಲಿ ಮರಳು ತೆಗೆದ ಮೇಲೆ ಬಳಚು ಹೋಯಿತು ಅನ್ನೋದು ಅವರಿಗೇ ಗೊತ್ತು. "ಕರೆದೆವು, ಬರಲಿಲ್ಲ" ಅನ್ನಬೇಡಿ. ನೀವು ಇಟ್ಟ ದಿನ ಅಮಾವಾಸ್ಯೆಯ ಮರುದಿನ. ನೀರು ಚೆನ್ನಾಗಿ ಇಳಿಯುವ ದಿನ ದುಡಿಮೆ ಬಿಟ್ಟು ಯಾರು ಬರುತ್ತಾರೆ? ಸಭೆ ಯಾವಾಗಲೂ ಅಷ್ಟಮಿಯ ಆಸುಪಾಸು ಇಡಿ. ಆಗ ಇಳಿತ ಕಮ್ಮಿ, ದಿಬ್ಬ ಸರಿಯಾಗಿ ತೆರೆಯುವುದಿಲ್ಲ, ಕೈ ಖಾಲಿ ಇರುತ್ತದೆ. ನಮ್ಮಲ್ಲಿ ದಿನ ಬದಲಿಸಿದ ಮೇಲೇ ಜನ ಬಂದರು. ಮೀನು ಮಾರಲು ಹೋಗುವವರಿದ್ದರೆ ಸಂಜೆಗೆ ಇಡಿ. ಇಳಿತದ ಹೊತ್ತು ತಿಳಿಯಲು ಮೊಬೈಲ್ ಆ್ಯಪ್ ಒಂದನ್ನೇ ನಂಬಬೇಡಿ. ಅದು ಬಂದರಿನ ಲೆಕ್ಕ, ಹೊಳೆಯೊಳಗೆ ಇಳಿತ ತಡ. ಸಭೆಯನ್ನೂ ದಡದಲ್ಲೇ ಮಾಡಿ. ಹಾಲ್‌ನಲ್ಲಿ ಹಿಂದೆ ಕೂತು ಸುಮ್ಮನಿರುವವರು ದಿಬ್ಬ ಎದುರಿಗಿದ್ದರೆ ಕೈ ತೋರಿಸಿ ಮಾತಾಡುತ್ತಾರೆ.

ಜೂನ್-ಜುಲೈ ಎಲ್ಲಿಂದ ಬಂತು? ಅದು ಯಾಂತ್ರೀಕೃತ ದೋಣಿಗಳಿಗೆ ಸರ್ಕಾರ ಹಾಕುವ 61 ದಿನದ ನಿಷೇಧ. ಮಳೆಗಾಲದ ಕೆಂಪು ನೀರಲ್ಲಿ ಬಳಚು ತೆಗೆಯುವವರು ಎಷ್ಟು ಮಂದಿ? ಬಂದ್ ಮಾಡಬೇಕಾದದ್ದು ಬಳಚು ಮೊಟ್ಟೆ ಬಿಡುವ ಕಾಲದಲ್ಲಿ. ಕೇರಳದ ಅಷ್ಟಮುಡಿ ಹಿನ್ನೀರು ನೋಡಿ. ರಫ್ತಿನ ಆಸೆಗೆ ಬಳಿದು ಬಳಿದು 1990ರ ದಶಕದಲ್ಲಿ ಅಲ್ಲಿ ಬಳಚು ಕುಸಿಯಿತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಂದ್, ಬಲೆಯ ಕಣ್ಣು ಕನಿಷ್ಠ 30 ಮಿ.ಮೀ. ಅಂತ ಕಟ್ಟು ಮಾಡಿದರು. 2014ರಲ್ಲಿ ಎಂಎಸ್‌ಸಿ ಪ್ರಮಾಣಪತ್ರ (ಮೀನುಗಾರಿಕೆ ಹದ ಮೀರದೆ ನಡೆಯುತ್ತಿದೆ ಅಂತ ಅಂತರರಾಷ್ಟ್ರೀಯ ಸಂಸ್ಥೆ ಕೊಡುವುದು) ಸಿಕ್ಕಿತು, ಭಾರತದಲ್ಲೇ ಮೊದಲನೆಯದು. ಅಲ್ಲಿನ ಮಂಡಳಿಯಲ್ಲಿ ವಿಜ್ಞಾನಿಗಳು, ಇಲಾಖೆಯವರ ಜೊತೆ ತೆಗೆಯುವವರೂ ಕೂರುತ್ತಾರೆ. ಹಾಗಂತ ಅವರ ತಿಂಗಳನ್ನು ನಕಲು ಮಾಡಬೇಡಿ. ಹೊಳೆ ಬೇರೆ, ಉಪ್ಪು ಬೇರೆ, ಬಳಚಿನ ಜಾತಿಯೂ ಬೇರೆ ಇರಬಹುದು. ಕಾರವಾರ, ಮಂಗಳೂರಿನಲ್ಲಿ ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರಗಳಿವೆ. ಬೇರೆ ಬೇರೆ ತಿಂಗಳ ಬಳಚು ಒಯ್ದು ತೋರಿಸಿ, ಕೇಳಿ. ಬಂದ್ ತಿಂಗಳಲ್ಲಿ ಹೊಟ್ಟೆಪಾಡೇನು ಅನ್ನೋದನ್ನೂ ಅದೇ ಸಭೆಯಲ್ಲಿ ಮಾತಾಡಿ. ಊರಿಡೀ ಬಂದ್ ಕಷ್ಟವಾದರೆ ಒಂದೆರಡು ದಿಬ್ಬ ಮಾತ್ರ ಬಂದ್ ಮಾಡಿ, ಯಾವುದು ಅಂತ ಹೆಂಗಸರೇ ಹೇಳಲಿ.

ದಂಡ ಮೊದಲು ಕೊಳ್ಳುವವರಿಗೆ ಹಾಕಿ. ಸಣ್ಣ ಬಳಚು ತಗೊಳ್ಳುವವರಿಲ್ಲದಿದ್ದರೆ ತೆಗೆಯುವವರೂ ಇಲ್ಲ. ಅಳತೆಗೆ ಊರಿನ ಕಮ್ಮಾರನಿಂದ ಎಲ್ಲ ಕಣ್ಣೂ ಒಂದೇ ಅಳತೆ ಇರುವ ತಂತಿ ಜರಡಿ ಮಾಡಿಸಿ, ತೂಕ ಹಾಕುವ ಜಾಗದಲ್ಲಿ ಇಡಿ. ಅಂಗಡಿಯ ಪ್ಲಾಸ್ಟಿಕ್ ಜರಡಿ ಬೇಡ, ಬಿಸಿಲಿಗೆ ಸೊಟ್ಟಗಾಗಿ ಜಗಳಕ್ಕೆ ದಾರಿ. ಬಲೆಗಾದರೆ ಗರವಾರೆ ಕಂಪನಿಯದು ಒಳ್ಳೆಯದೇ, ಆದರೆ ಬಲೆ ತುಂಡನ್ನು ಜರಡಿ ಮಾಡಬೇಡಿ, ಎಳೆದರೆ ಕಣ್ಣು ಹಿಗ್ಗುತ್ತದೆ. ಜರಡಿಯಲ್ಲಿ ಇಳಿದ ಮರಿಯನ್ನು ಅವತ್ತೇ ದಿಬ್ಬಕ್ಕೆ ಹಾಕಬೇಕು, ಚೀಲದಲ್ಲಿ ರಾತ್ರಿ ಕಳೆಯಬಾರದು.

ಅಘನಾಶಿನಿ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಹೊರಗಿನವರು ನಿಯಮ ಬರೆದು ತರುವ ಮೊದಲು ನಮ್ಮದು ಕಾಗದದ ಮೇಲೆ ಇರಬೇಕು, ಠರಾವು ಪುಸ್ತಕದಲ್ಲಿ, ತೆಗೆಯುವವರ ಸಹಿ ಅಥವಾ ಹೆಬ್ಬೆಟ್ಟಿನ ಜೊತೆ. ಬೋರ್ಡಿಗೆ ಫ್ಲೆಕ್ಸ್ ಬೇಡ, ಮೊದಲ ಗಾಳಿಗೇ ಹರಿಯುತ್ತದೆ. ಹಲಗೆಗೆ ಏಷ್ಯನ್ ಪೇಂಟ್ಸ್ ಎನಾಮೆಲ್‌ನಲ್ಲಿ ಬರೆಸಿ, ಕೆಳಗೆ ಬಂದ್ ಇರುವ ದಿಬ್ಬಗಳ ಹೆಸರು ಹಾಕಿಸಿ.