ಬಿಸಿಲು ಜಾಸ್ತಿ ಆದಂಗೆ ನಮ್ ಮೈ ತಾನಾಗೇ ಒಗ್ಗಿಕೊಳ್ಳಲ್ವಾ?

ನೀವು ಕೇಳಿರೋದು ಇಷ್ಟು: ರಾಯಚೂರು, ಕಲಬುರಗಿ ಕಡೆಯವ್ರು 42 ಡಿಗ್ರಿಲೂ ಆರಾಮಾಗಿ ಓಡಾಡ್ಕೊಂಡಿರ್ತಾರೆ, ಬೆಂಗ್ಳೂರವ್ರು 36ಕ್ಕೇ ಉಸ್ಸಪ್ಪಾ ಅಂತ ಕೂತ್ಬಿಡ್ತೀವಿ, ಅಂದ್ಮೇಲೆ ಇಲ್ಲಿ ಸೆಕೆ ಜಾಸ್ತಿ ಆದ್ರೆ ನಾವೂ ಒಗ್ಗಿಕೊಳ್ತೀವಿ, ಯಾಕಿಷ್ಟು ಗಾಬರಿ ಅಂತ. ನಾನು ವೈಟ್‌ಫೀಲ್ಡ್ ಕಡೆ ಬಿಲ್ಡಿಂಗ್ ಸೈಟ್‌ಗಳಲ್ಲಿ ಸೇಫ್ಟಿ ನೋಡ್ಕೋತೀನಿ, ಮಾರ್ಚಿಂದ ಮೇ ತನಕ ನನ್ನ ತಲೇಲಿ ಇದೇ ಓಡ್ತಿರುತ್ತೆ, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ಮೈ ಒಗ್ಗುತ್ತೆ ಅನ್ನೋದು ನಿಜಾನೇ. ದಿನಾ ಬಿಸ್ಲಲ್ಲಿ ಕೆಲ್ಸ ಮಾಡ್ತಾ ಹೋದ್ರೆ ಒಂದೆರಡು ವಾರದಲ್ಲಿ ಬೆವರು ಬೇಗ ಶುರುವಾಗುತ್ತೆ, ಜಾಸ್ತಿನೂ ಬರುತ್ತೆ, ಅದ್ರಲ್ಲಿ ಹೋಗೋ ಉಪ್ಪು ಕಮ್ಮಿ ಆಗುತ್ತೆ, ಅದೇ ಕೆಲ್ಸಕ್ಕೆ ಮೊದಲಿನಷ್ಟು ಎದೆ ಹೊಡ್ಕೊಳ್ಳಲ್ಲ. ಆದ್ರೆ ಇದು ಮಕ್ಕಳಿಗೆ ಬಿಟ್ಟು ಹೋಗೋ ಆಸ್ತಿ ಅಲ್ಲ, ಕೆಲವು ವಾರ ಬಿಸ್ಲಿಂದ ದೂರ ಇದ್ರೆ ಅದೇ ಮನುಷ್ಯನಿಗೇ ಮತ್ತೆ ಮೊದಲಿಂದ. ಬಯಲಲ್ಲಿ ಕೆಲ್ಸ ಮಾಡೋವಾಗ ಸೆಕೆಗೆ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲ ಕೆಲವೇ ದಿನದೊಳಗೆ ಸಾಯ್ತಾರೆ ಅಂತ ಅಮೇರಿಕದ ಓಶಾ, ಅಂದ್ರೆ ಅಲ್ಲಿನ ಕಾರ್ಮಿಕ ಸುರಕ್ಷತೆ ಇಲಾಖೆ, ಹೇಳುತ್ತೆ. ಅದಕ್ಕೇ ಹೊಸಬರಿಗೆ ಮೊದಲ್ನೇ ದಿನ 20 ಪರ್ಸೆಂಟ್ ಹೊತ್ತು ಮಾತ್ರ ಬಿಸ್ಲಲ್ಲಿ ಕೆಲ್ಸ, ಆಮೇಲೆ ದಿನಕ್ಕೆ 20 ಪರ್ಸೆಂಟ್ ಏರಿಸ್ತಾ ಹೋಗಿ ಅನ್ನೋ ಲೆಕ್ಕ ಇದೆ. ಸೈಟ್‌ನಲ್ಲಿ ಇದನ್ನ ಹೇಳಿದ್ರೆ ಮೇಸ್ತ್ರಿ ಕೇಳೋದು ಒಂದೇ, ಉಳಿದ ಹೊತ್ತಿನ ಕೂಲಿ ಯಾರು ಕೊಡ್ತಾರೆ ಸಾರ್ ಅಂತ. ಅವನ ಪ್ರಶ್ನೇಲಿ ತಪ್ಪಿಲ್ಲ. ಕೂಲಿ ಪೂರ್ತಿ ಸಿಗಲ್ಲ ಅಂತ ಗೊತ್ತಾದ್ರೆ ಕಂಬಿ ಕಟ್ಟೋ ಹುಡುಗ ತಲೆ ಸುತ್ತಿದ್ರೂ ಬಾಯಿ ಬಿಡಲ್ಲ, ಸ್ಲ್ಯಾಬ್ ಮೇಲೇ ಕುಕ್ಕರಗಾಲಲ್ಲಿ ಕೂತು ಕಟ್ತಾನೇ ಇರ್ತಾನೆ.

ಎಷ್ಟೇ ಒಗ್ಗಿದ್ರೂ ಅದಕ್ಕೊಂದು ಮಿತಿ ಇದೆ. ಬೆವರು ಆರಿದ್ರೆ ತಾನೇ ಮೈ ತಣ್ಣಗಾಗೋದು, ಗಾಳೀಲಿ ತೇವ ತುಂಬಿದ್ರೆ ಬೆವರು ಸುರಿದು ಹೋಗುತ್ತೆ ಅಷ್ಟೇ, ಆರಲ್ಲ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆಯೋ ವೆಟ್ ಬಲ್ಬ್ ಲೆಕ್ಕದಲ್ಲಿ 35 ಡಿಗ್ರಿ ದಾಟಿದ್ರೆ ಯಾರೂ ತಡ್ಕೊಳ್ಳಲ್ಲ ಅಂತಿದ್ರು, 2022ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯವ್ರು ಗಟ್ಟಿಮುಟ್ಟಾದ ಹುಡುಗ ಹುಡುಗೀರ ಮೇಲೇ ಪರೀಕ್ಷೆ ಮಾಡಿದಾಗ ತೇವದ ಗಾಳೀಲಿ ಸುಮಾರು 31ಕ್ಕೇ ಮೈ ಸೋಲೋಕೆ ಶುರುವಾಯ್ತು. ವಯಸ್ಸಾದವ್ರಿಗೆ ಬಾಯಾರಿಕೆನೇ ಸರಿಯಾಗಿ ಗೊತ್ತಾಗಲ್ಲ, ಅವ್ರ ಕಥೆ ಇನ್ನೂ ಕಷ್ಟ.

ಇನ್ನು ಕಲಬುರಗಿಯವ್ರು. ಅವ್ರ ಮೈ ಅಷ್ಟೇ ಅಲ್ಲ, ಅವ್ರ ದಿನಚರಿನೇ ಬಿಸ್ಲು ನೋಡಿ ಮಾಡಿದ್ದು. ಕಲ್ಲು ಮಣ್ಣಿನ ದಪ್ಪ ಗೋಡೆ ಮಾಳಿಗೆ ಮನೆ, ತಲೆಗೆ ರುಮಾಲು, ಮಧ್ಯಾಹ್ನ ಬೀದಿ ಖಾಲಿ, ಏಪ್ರಿಲ್ ಮೇನಲ್ಲಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ರಿಂದ 1:30 ತನಕ. ಆ ಕಡೆಯಿಂದ ಬಂದ ಜನಾನ ತಂದು ಇಲ್ಲಿ ಮಧ್ಯಾಹ್ನ 2 ಗಂಟೆಗೆ ಸ್ಲ್ಯಾಬ್ ಮೇಲೆ ನಿಲ್ಲಿಸಿ, ನಿಮ್ಗೆ ಅಭ್ಯಾಸ ಇದ್ಯಲ್ಲ ಅನ್ನೋದು ಅನ್ಯಾಯ, ಯಾಕಂದ್ರೆ ಅವ್ರ ಊರಲ್ಲಿ ಆ ಹೊತ್ತಿಗೆ ಯಾರೂ ಹೊರಗೆ ನಿಲ್ಲಲ್ಲ.

ಅಹಮದಾಬಾದ್ ನೋಡಿ. 2010ರ ಮೇನಲ್ಲಿ 46.8 ಡಿಗ್ರಿ ಆಯ್ತು, ಆ ತಿಂಗಳು ಮಾಮೂಲಿಗಿಂತ 1,300ಕ್ಕೂ ಹೆಚ್ಚು ಜನ ಸತ್ರು. ಅದೂ ಬಿಸ್ಲಿಗೆ ಹುಟ್ಟಿನಿಂದ ಒಗ್ಗಿದ ಊರು! 2013ರಲ್ಲಿ ಹೀಟ್ ಆಕ್ಷನ್ ಪ್ಲ್ಯಾನ್ ಮಾಡಿದ್ರು, ನಾಳೆ ಎಷ್ಟು ಬಿಸ್ಲು ಅಂತ ಮುಂಚೆನೇ ಎಚ್ಚರಿಕೆ, ಆಸ್ಪತ್ರೇಲಿ ಐಸ್ ಪ್ಯಾಕ್, ಡಾಕ್ಟರ್‌ಗಳಿಗೆ ಟ್ರೇನಿಂಗ್, ಕುಡಿಯೋ ನೀರು. ಇದ್ರಿಂದ ವರ್ಷಕ್ಕೆ 1,100ಕ್ಕೂ ಹೆಚ್ಚು ಜೀವ ಉಳಿದಿರಬಹುದು ಅಂತ ಆಮೇಲೆ ಅಂದಾಜು ಮಾಡಿದಾರೆ. ಮೂರು ವರ್ಷದಲ್ಲಿ ಅಲ್ಲಿನವ್ರ ಮೈಯಂತೂ ಬದಲಾಗಿರೋಕೆ ಸಾಧ್ಯ ಇಲ್ಲ. ಫ್ರಾನ್ಸಲ್ಲೂ 2003ರಲ್ಲಿ ಸುಮಾರು 15,000 ಜನ ಸತ್ತ ಮೇಲೇ ವ್ಯವಸ್ಥೆ ಸರಿ ಮಾಡ್ಕೊಂಡಿದ್ದು, 2006ರ ಬಿಸ್ಲಲ್ಲಿ ಅಂದ್ಕೊಂಡಿದ್ದಕ್ಕಿಂತ ಸಾವಿರಾರು ಸಾವು ಕಮ್ಮಿ ಆಯ್ತು.

ನಮ್ಮ ಬೆಂಗ್ಳೂರಿನ ತೊಂದ್ರೆ ಬೇರೆ ಥರ. ಬಯಲು ಸೀಮೆಗೆ ಹೀಟ್‌ವೇವ್ ಅಂತ ಘೋಷಣೆ ಆಗಬೇಕಂದ್ರೆ 40 ಡಿಗ್ರಿ ಮುಟ್ಟಬೇಕು, ಇಲ್ಲಿ ದಾಖಲೆನೇ 2016ರ ಏಪ್ರಿಲ್‌ನ 39.2. 2024ರ ಏಪ್ರಿಲ್‌ನಲ್ಲಿ 38.5 ಆಯ್ತು, ಒಂದು ಕಡೆ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯ್ತಿದ್ವಿ, ಇನ್ನೊಂದು ಕಡೆ ಈ ಧಗೆ. ತಂಪು ಊರು ಅಂತ ಕಟ್ಟಿದ ಮನೆಗಳು, ತಂಪಿಗೆ ಒಗ್ಗಿದ ಮೈ, ನಮ್ಗೆ 38 ಅಂದ್ರೆ ಸಣ್ಣದಲ್ಲ.

ನಾವು ಸೈಟ್‌ನಲ್ಲಿ ಮಧ್ಯಾಹ್ನದ ಕೆಲ್ಸ ತಪ್ಪಿಸೋಣ ಅಂತ ಕಾಂಕ್ರೀಟ್ ರಾತ್ರಿ ಹಾಕೋ ಹಾಗೆ ಮಾಡಿದ್ವಿ, ಒಳ್ಳೇದೇ, ಆದ್ರೆ ರಾತ್ರಿ ದುಡಿದವ್ರು ಹಗಲು ಮಲಗಬೇಕಿರೋದು ತಗಡಿನ ಶೆಡ್‌ನಲ್ಲಿ. ಹನ್ನೊಂದು ಗಂಟೆಗೆ ಒಳಗೆ ಹೋದ್ರೆ ಸೂರಿಂದ ಕಾವು ನೆತ್ತಿಗೇ ಇಳಿಯುತ್ತೆ, ಗಂಡಸ್ರು ಒದ್ದೆ ಟವೆಲ್ ಹೊದ್ದು ಮಲಗಿರ್ತಾರೆ, ಬಾಣಂತಿ ಬಾಗಿಲಲ್ಲಿ ಕೂತು ಮಗೂಗೆ ಗಾಳಿ ಬೀಸ್ತಿರ್ತಾಳೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸೂರಿಗೆ ಬಿಳಿ ಬಣ್ಣ ಹೊಡೆಸಿ ಮೇಲೆ ತೆಂಗಿನ ಗರಿ ಹಾಕಿಸಿದ್ವಿ, ಒಳಗೆ ಕೂರೋ ಹಾಗಾಯ್ತು. ಎಸಿ ಇದ್ದವ್ರು ಬದುಕ್ತಾರೆ ಸರಿ, ಅಮೇರಿಕದಲ್ಲಿ 1960ರಿಂದೀಚೆಗೆ ಬಿಸ್ಲಿನ ಸಾವು ಇಳಿಯೋಕೆ ದೊಡ್ಡ ಕಾರಣ ಅದೇ, ಆದ್ರೆ ಈ ಶೆಡ್‌ಗಳಿಗೆ ಎಸಿ ಯಾರು ತರ್ತಾರೆ?

ನೀವು ಟಾಪ್ ಫ್ಲೋರ್‌ನಲ್ಲಿದ್ರೆ ತಾರಸಿಗೆ ಫೆಬ್ರವರೀಲೇ ಸುಣ್ಣ ಬಳಿಸಿ. ಪಕ್ಕದ ಮನೇಲಿ ವಯಸ್ಸಾದವ್ರು ಒಬ್ರೇ ಇದ್ರೆ ಮಧ್ಯಾಹ್ನ ಒಂದ್ಸಲ ಬಾಗಿಲು ತಟ್ಟಿ. ಮತ್ತೆ ಬಿಸ್ಲಲ್ಲಿ ಯಾರಾದ್ರೂ ಮಾತು ತೊದಲಿದ್ರೆ, ಎಲ್ಲಿದೀನಿ ಅಂತ ಗೊತ್ತಾಗದೆ ಕಕ್ಕಾಬಿಕ್ಕಿ ಆದ್ರೆ ಸುಸ್ತು ಅಂತ ಸುಮ್ನೆ ಬಿಡ್ಬೇಡಿ, ಬೆವರ್ತಾ ಇದ್ರೂ ಅದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ಎಳ್ಕೊಂಡು 108ಕ್ಕೆ ಫೋನ್ ಮಾಡಿ, ಪ್ರಜ್ಞೆ ಸರಿ ಇಲ್ಲದವ್ರಿಗೆ ಏನೂ ಕುಡಿಸೋಕೆ ಹೋಗ್ಬೇಡಿ, ಆಂಬುಲೆನ್ಸ್ ಬರೋ ತನಕ ಮೈಮೇಲೆ ತಣ್ಣೀರು ಸುರೀತಾ ಗಾಳಿ ಹಾಕ್ತಾನೇ ಇರಿ.