ಬಾಲದ ತುದಿಯ ಹುಡುಗ

ಪ್ರಶ್ನೆ: ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರ್‌ಗಳಲ್ಲಿ ಹಿಂಬದಿಯ ಗನ್ನರ್ ಒಬ್ಬನೇ ಕೂರುತ್ತಿದ್ದನಂತೆ. ಅವನ ಬದುಕು ಹೇಗಿತ್ತು?

ಉತ್ತರ: ಓದಿದಷ್ಟೂ ಸಂಕಟ ಜಾಸ್ತಿಯಾಗುತ್ತದೆ. ಲ್ಯಾಂಕಾಸ್ಟರ್ ಅನ್ನುವ ಬ್ರಿಟಿಷ್ ಬಾಂಬರ್ ವಿಮಾನದಲ್ಲಿ ಏಳು ಜನ. ಆರು ಮಂದಿ ಮುಂದೆ ಮತ್ತು ನಡುವೆ, ಇವನೊಬ್ಬ ಮಾತ್ರ ಬಾಲದ ತುದಿಯ ಗಾಜಿನ ಗೂಡಿನಲ್ಲಿ, ನಾಲ್ಕು ಮಷಿನ್ ಗನ್‌ಗಳ ಹಿಂದೆ, ಗಂಟೆಗಟ್ಟಲೆ ಕತ್ತಲನ್ನೇ ದಿಟ್ಟಿಸುತ್ತಾ ಕೂರಬೇಕಿತ್ತು. ಚೆನ್ನಾಗಿ ಕಾಣಲಿ ಅಂತ ಕೆಲವರು ಎದುರಿನ ಪಾರದರ್ಶಕ ಹಾಳೆಯನ್ನೇ ತೆಗೆಸಿಬಿಡುತ್ತಿದ್ದರು. ಆ ಕೊರೆಯುವ ಚಳಿ ನೇರ ಮುಖಕ್ಕೆ! ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೆಟ್ಟರೆ ಬೆರಳುಗಳು ಮರಗಟ್ಟುತ್ತಿದ್ದವು. ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟನ್ನು ಹೊರಗೆ, ಬೆನ್ನ ಹಿಂದೆ ನೇತುಹಾಕಬೇಕಿತ್ತು. ಬೆಂಕಿ ಹತ್ತಿದಾಗ ಅದನ್ನು ತಡಕಾಡುವುದನ್ನು ಸುಮ್ನೆ ಊಹಿಸಿಕೊಳ್ಳಿ.

ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573. ಹೆಚ್ಚಿನವರಿಗೆ ಇಪ್ಪತ್ತರ ಆಸುಪಾಸು, ಅಂದರೆ ಇನ್ನೂ ಹುಡುಗರೇ ಅಲ್ವಾ? 30 ಹಾರಾಟ ಮುಗಿಸಿದರೆ ವಿಶ್ರಾಂತಿ ಸಿಗುತ್ತಿತ್ತು, ಅಷ್ಟು ದೂರ ಬಂದವರು ಕಡಿಮೆ. ಮನೆಗೆ ಮೊದಲು ಬರುತ್ತಿದ್ದದ್ದು 'ಕಾಣೆಯಾಗಿದ್ದಾನೆ' ಅನ್ನುವ ಟೆಲಿಗ್ರಾಂ. ಸತ್ತ ಅಂತಲೂ ಇಲ್ಲ, ಬದುಕಿದ್ದಾನೆ ಅಂತಲೂ ಇಲ್ಲ. ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದ ಕಲ್ಲುಗಳ ಮೇಲೆ ಸಮಾಧಿಯೇ ಗೊತ್ತಿಲ್ಲದ 20,000ಕ್ಕೂ ಹೆಚ್ಚು ವಾಯುಯೋಧರ ಹೆಸರುಗಳಿವೆ.