ಆರ್ಡರ್ ಇತ್ತು, ಲಾಭವೂ ಇತ್ತು, ಆದರೂ ಬಾಗಿಲು ಹಾಕಿದೆ

ಪ್ರಶ್ನೆ: ಮರದ ಪೀಠೋಪಕರಣ ಮಾಡುವ ಸಣ್ಣ ಘಟಕ ನಡೆಸುತ್ತಿದ್ದೆ. ಆರ್ಡರ್‌ಗಳಿಗೆ ಕೊರತೆ ಇರಲಿಲ್ಲ, ಲೆಕ್ಕದಲ್ಲಿ ಲಾಭವೂ ಕಾಣುತ್ತಿತ್ತು. ಕೊನೆಗೆ ಕೂಲಿ ಕೊಡಲು ದುಡ್ಡಿಲ್ಲದೆ ಮುಚ್ಚಬೇಕಾಯಿತು. ‘ಸೋಲಿನಿಂದ ಪಾಠ ಕಲಿ’ ಎಂದು ಎಲ್ಲರೂ ಹೇಳುತ್ತಾರೆ. ಹಳೆಯ ಲೆಕ್ಕದ ಪುಸ್ತಕ ಮುಟ್ಟಿದರೆ ಸಾಕು, ಎದೆ ಭಾರವಾಗುತ್ತದೆ. ನಾನು ಕಲಿಯಬೇಕಾದ್ದು ಏನು ಸರ್?
- ಹೆಸರು ಬೇಡ

ಉತ್ತರ: ಮೊದಲು ಎದೆ ಭಾರದ ಮಾತು. ಅದನ್ನು ದೌರ್ಬಲ್ಯ ಅಂದುಕೊಳ್ಳಬೇಡಿ. ಡೀನ್ ಶೆಪರ್ಡ್ ಎಂಬ ಸಂಶೋಧಕರು 2003ರಲ್ಲಿ ಇದರ ಬಗ್ಗೆಯೇ ಬರೆದರು. ಅವರ ತಂದೆಯ ವ್ಯಾಪಾರವೂ ಮುಚ್ಚಿಹೋಗಿತ್ತು. ಸ್ವಂತ ವ್ಯಾಪಾರ ಕಳೆದುಕೊಂಡವರ ದುಃಖ, ಹತ್ತಿರದವರನ್ನು ಕಳೆದುಕೊಂಡ ದುಃಖದಂಥದ್ದೇ ಎಂದರು. ನೋವು ತೀವ್ರವಾಗಿದ್ದಾಗ ತಲೆಗೆ ಪಾಠ ಹತ್ತುವುದಿಲ್ಲ. ಸದಾ ಅದನ್ನೇ ಕೆದಕಿದರೂ ಕಷ್ಟ, ಪೂರ್ತಿ ಮರೆಯಲು ಹೊರಟರೂ ಕಷ್ಟ. ಸ್ವಲ್ಪ ಹೊತ್ತು ಅದನ್ನು ನೋಡಿ, ಸ್ವಲ್ಪ ಹೊತ್ತು ಬೇರೆ ಕೆಲಸಕ್ಕೆ ತಿರುಗಿ ಎನ್ನುವುದು ಅವರ ಸಲಹೆ. ಹಾಗಾಗಿ ಪುಸ್ತಕವನ್ನು ಅರ್ಧ ಗಂಟೆ ತೆರೆಯಿರಿ. ಭಾರವಾಯಿತಾ, ಮುಚ್ಚಿಡಿ. ಉಳಿದ ಯಂತ್ರ ಮಾರುವುದೋ, ಕೆಲಸ ಹುಡುಕುವುದೋ, ಅದನ್ನು ಮಾಡಿ. ನಾಳೆ ಮತ್ತೆ ತೆರೆಯಿರಿ.

ಇನ್ನು ಕಲಿಯುವ ವಿಷಯ. ಸಣ್ಣ ವ್ಯಾಪಾರಗಳ ಲೆಕ್ಕ ನೋಡುವುದೇ ನನ್ನ ಕೆಲಸ. ಮುಚ್ಚಿದವರು ಬಂದು ಕಾರಣ ಹೇಳುತ್ತಾರೆ: ಮಾರ್ಕೆಟ್ ಬಿತ್ತು, ಪಾಲುದಾರ ಕೈಕೊಟ್ಟ. ಸುಳ್ಳು ಹೇಳುತ್ತಾರೆ ಅಂತಲ್ಲ. ಆದರೆ ಆ ಕಾರಣಕ್ಕೆ ತಾರೀಖು ಇರುವುದಿಲ್ಲ. ತಾರೀಖು ಇಲ್ಲದ ಕಾರಣದಿಂದ ಏನೂ ಕಲಿಯಲು ಬರುವುದಿಲ್ಲ.

ಈ ವಿಷಯದಲ್ಲಿ ನೆನಪನ್ನು ನಂಬಬೇಡಿ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ, ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುಂಚೆ ಕೆಲವು ವಿದ್ಯಾರ್ಥಿಗಳನ್ನು ‘ಏನೇನು ಆಗಬಹುದು’ ಎಂದು ಕೇಳಲಾಗಿತ್ತು. ಎಲ್ಲ ಮುಗಿದ ಮೇಲೆ, ಹಿಂದೆ ತಾವು ಹೇಳಿದ್ದನ್ನೇ ನೆನಪು ಮಾಡಿಕೊಳ್ಳಲು ಆ ವಿದ್ಯಾರ್ಥಿಗಳಿಗೆ ಹೇಳಲಾಯಿತು. ನಿಜವಾಗಿ ನಡೆದ ಸಂಗತಿಗಳನ್ನು ‘ನಾನು ಆಗಲೇ ಹೇಳಿದ್ದೆ’ ಎಂಬಂತೆ ನೆನಪಿಸಿಕೊಂಡವರೇ ಜಾಸ್ತಿ. ನಿಮಗೂ ಈಗ ‘ನನಗೆ ಅವತ್ತೇ ಗೊತ್ತಿತ್ತು’ ಅನ್ನಿಸುತ್ತಿರಬಹುದು, ಅಲ್ವಾ? ಅವತ್ತಿನ ಬಿಲ್, ಅವತ್ತು ಕಳಿಸಿದ ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಅವು ಮಾತಾಡಲಿ.

ನಿಮ್ಮ ಪತ್ರ ಓದಿದರೆ ನನ್ನ ಅನುಮಾನ ಉದ್ರಿಯ ಮೇಲೆ. ಬಾಕಿ ಬರಬೇಕಾದ ಹಣವನ್ನು ವರ್ಷದ ಉದ್ರಿ ಮಾರಾಟದಿಂದ ಭಾಗಿಸಿ, 365ರಿಂದ ಗುಣಿಸಿ. ಬಾಕಿ ಮಾರಾಟದ ಕಾಲು ಭಾಗ ಇದ್ದರೆ ಉತ್ತರ ಸುಮಾರು 91. ಅಂದರೆ ಮಾಲು ಕೊಟ್ಟು 91 ದಿನ ಆದ ಮೇಲೆ ದುಡ್ಡು. ಮಾಲು ಮಾಡಲು 30 ದಿನ ಬೇಕು ಅಂತಿಟ್ಟುಕೊಳ್ಳಿ. ಮರ ಕೊಟ್ಟವರು 30 ದಿನಕ್ಕೆ ಹಣ ಕೇಳುತ್ತಾರೆ, ನಿಮಗೆ ಬರುವುದು 121ನೇ ದಿನ. ನಡುವಿನ 91 ದಿನ ನೀವೇ ಹೊರಬೇಕು. ಕೂಲಿಯಂತೂ ಇನ್ನೂ ಮುಂಚೆ ಹೋಗುತ್ತದೆ. ಲಾಭ ಮಾತ್ರ ಬಿಲ್ ಬರೆದ ದಿನವೇ ಪುಸ್ತಕದಲ್ಲಿ ಕಾಣುತ್ತದೆ. ಹೀಗಿರುವಾಗ ಆರ್ಡರ್ ದುಪ್ಪಟ್ಟಾದರೆ ಕೈಯಿಂದ ಹಾಕುವ ಹಣವೂ ಹೆಚ್ಚುಕಮ್ಮಿ ದುಪ್ಪಟ್ಟು. ಒಳ್ಳೆಯ ಕೆಲಸಗಾರರು ಎಷ್ಟೋ ಜನ ಇಲ್ಲೇ ಮುಳುಗುತ್ತಾರೆ. ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ.

ಮರದವರಿಗೆ ಮೊದಲ ಸಲ ಹಣ ತಡವಾಗಿ ಕೊಟ್ಟ ತಿಂಗಳು ಯಾವುದು ಹುಡುಕಿ. ಅದಕ್ಕೂ ಮುಂಚಿನ ಮೂರ್ನಾಲ್ಕು ತಿಂಗಳಲ್ಲಿ ಯಾವ ಆರ್ಡರ್ ಒಪ್ಪಿಕೊಂಡಿರಿ, ಅಡ್ವಾನ್ಸ್ ಎಷ್ಟು ಕೇಳಿದಿರಿ, ನೋಡಿ. ‘ಇನ್ನು ಹುಷಾರಾಗಿರುತ್ತೇನೆ’ ಅನ್ನುವುದು ಯಾವ ಉಪಯೋಗಕ್ಕೂ ಬರುವುದಿಲ್ಲ. ‘ಅರ್ಧ ಹಣ ಬರದೆ ಮರ ಕತ್ತರಿಸುವುದಿಲ್ಲ’ ಅನ್ನುವ ಮಟ್ಟಕ್ಕೆ ಬರಬೇಕು.

ಪ್ರಶ್ನೆ: ಹೊಸದಾಗಿ ಶುರು ಮಾಡುವವರು ಸೋಲನ್ನು ಮೊದಲೇ ಗುರುತಿಸಬಹುದೇ?
- ಓದುಗರೊಬ್ಬರು

ಉತ್ತರ: ಸ್ವಲ್ಪ ಮಟ್ಟಿಗೆ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ಒಂದು ವಿಧಾನ ಇದೆ. ‘ವ್ಯಾಪಾರ ಆಗಲೇ ಮುಚ್ಚಿಹೋಗಿದೆ, ಯಾಕೆ?’ ಎಂದು ಕೇಳಿ, ಪ್ರತಿಯೊಬ್ಬರೂ ಸುಮ್ನೆ ಕೂತು ಕಾರಣ ಬರೆಯಬೇಕು. ಆಮೇಲೆ ಓದಬೇಕು. ಮನೆಯವರನ್ನೂ ಕೆಲಸಗಾರರನ್ನೂ ಕೂರಿಸಿಕೊಳ್ಳಿ. ಎದುರಿಗೆ ಹೇಳಲು ಹಿಂಜರಿಯುವವರೂ ಚೀಟಿಯಲ್ಲಿ ಬರೆಯುತ್ತಾರೆ. ಎಲ್ಲರೂ ಒಂದೇ ಗಿರಾಕಿಯ ಹೆಸರು ಬರೆದರೆ, ಆ ಗಿರಾಕಿಗೆ ಉದ್ರಿ ಕೊಡುವ ಮಿತಿಯನ್ನು ಅವತ್ತೇ ಗೊತ್ತು ಮಾಡಿ.